ಉದ್ದ ಕೂದಲು ಬೆಳೆಸುವವರಿಗೆ: ಬುಡದ ಲೆಕ್ಕ, ತುದಿಯ ಜೋಪಾನ

ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 15 ಸೆಂ.ಮೀ., ಅಂದರೆ ಅರ್ಧ ಅಡಿ. ಭುಜದವರೆಗಿರುವ ಕೂದಲು ಸೊಂಟ ಮುಟ್ಟಲು ಇನ್ನೂ 35–40 ಸೆಂ.ಮೀ. ಬೇಕು, ಒಂದು ಎಳೆಯೂ ತುಂಡಾಗದಿದ್ದರೂ ಎರಡೂವರೆ ವರ್ಷ ಹಿಡಿಯುತ್ತದೆ. ಹದಿನೈದೇ ದಿನದಲ್ಲಿ ಮಾರುದ್ದದ ಜಡೆ ಬರುತ್ತದೆ ಎಂದು ಎಣ್ಣೆ ಬಾಟಲಿ ಹಿಡಿದು ಹೇಳುವವರ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ, ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಪ್ರತಿ ಕೂದಲಿಗೂ ಒಂದು ಆಯುಷ್ಯವಿದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಬೇರು ಕುಗ್ಗುತ್ತದೆ, ಮೂರು ತಿಂಗಳ ಆಸುಪಾಸು ಸುಮ್ಮನಿದ್ದು ಉದುರುತ್ತದೆ. ಅದೇ ಕುಳಿಯಿಂದ ಹೊಸ ಕೂದಲು ಹುಟ್ಟುತ್ತದೆ. ಬೆಳೆಯುವ ಅವಧಿ ಎಷ್ಟು ಎಂಬುದು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು. ಅದು ಮೂರು ವರ್ಷವಿದ್ದವರ ಕೂದಲು 45 ಸೆಂ.ಮೀ. ಹತ್ತಿರ ನಿಲ್ಲುತ್ತದೆ, ಆರು ವರ್ಷವಿದ್ದವರದು 90ರವರೆಗೆ ಹೋಗುತ್ತದೆ. 2023ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಉತ್ತರ ಪ್ರದೇಶದ ಸ್ಮಿತಾ ಶ್ರೀವಾಸ್ತವ ಅವರ ಕೂದಲು 236.22 ಸೆಂ.ಮೀ. ಇತ್ತು. ಇದೇ ಲೆಕ್ಕ ಹಿಡಿದರೆ ಆ ತುದಿಗೆ ಹದಿನೈದು ವರ್ಷ ದಾಟಿರಬೇಕು. ಅಂಥ ಆಯುಷ್ಯವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಆದರೆ ನಮ್ಮಲ್ಲಿ ಬಹಳ ಜನರ ಕೂದಲು ತನ್ನ ಮಿತಿಯವರೆಗೂ ಹೋಗುವುದಿಲ್ಲ. ಬುಡದಲ್ಲಿ ತಿಂಗಳಿಗೊಂದು ಸೆಂಟಿಮೀಟರ್ ಬೆಳೆಯುತ್ತಿರುತ್ತದೆ, ತುದಿಯಲ್ಲಿ ಅಷ್ಟೇ ತುಂಡಾಗಿ ಹೋಗುತ್ತಿರುತ್ತದೆ. ಜಡೆ ವರ್ಷಗಟ್ಟಲೆ ಬೆನ್ನಿನ ನಡುವೆಯೇ ನಿಂತಿರುವುದನ್ನು ಕಂಡು ಕೂದಲು ಬೆಳೆಯುವುದೇ ಇಲ್ಲ ಎಂದುಕೊಳ್ಳುತ್ತೇವೆ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಹಾಳಾದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. 60 ಸೆಂ.ಮೀ. ಜಡೆಯ ತುದಿ ನಾಲ್ಕು ವರ್ಷ ಹಳೆಯದು. ನಾಲ್ಕು ಬೇಸಿಗೆಯ ಬಿಸಿಲು, ನೂರಾರು ತಲೆಸ್ನಾನ, ದಿನನಿತ್ಯದ ಬಾಚಣಿಗೆ ಎಲ್ಲವನ್ನೂ ಅದು ಕಂಡಿದೆ. ಬುಡದ ವೇಗ ನಮ್ಮ ಕೈಯಲ್ಲಿಲ್ಲ, ತುದಿಯ ಬಾಳಿಕೆ ಇದೆ. ಆರೈಕೆಯ ಕ್ರಮವನ್ನು ಆ ಹಳೆಯ ತುದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಬೇಕು.

ಹಂತ 1: ಉದುರುತ್ತಿದೆಯೋ, ತುಂಡಾಗುತ್ತಿದೆಯೋ ನೋಡಿ

ಬಾಚುವಾಗ ಹೆಗಲ ಮೇಲೆ ಬಿಳಿ ಬಟ್ಟೆ ಹಾಕಿಕೊಳ್ಳಿ. ಬಿದ್ದ ಕೂದಲನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿಯ ಗಂಟು ಇದ್ದು, ಉದ್ದವೂ ಪೂರ್ತಿ ಇದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದ, ನಾಲ್ಕೈದು ಸೆಂಟಿಮೀಟರಿನ ಚೂರುಗಳೇ ಹೆಚ್ಚಾಗಿದ್ದರೆ ಅವು ತುಂಡಾದವು. ಇವೆರಡರ ಮದ್ದೂ ಬೇರೆ ಬೇರೆ. ತುಂಡಾಗುತ್ತಿರುವ ಕೂದಲಿಗೆ ಮಾತ್ರೆ ನುಂಗುವುದು, ರಕ್ತಹೀನತೆಯಿಂದ ಉದುರುತ್ತಿರುವ ಕೂದಲಿಗೆ ದುಬಾರಿ ಕಂಡೀಷನರ್ ಹಚ್ಚುವುದು ಎರಡೂ ವ್ಯರ್ಥ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೆ ಎರಡೇ ಸಲ ತಲೆಗೆ ಎರೆದುಕೊಳ್ಳುವವರಿಗೆ ಮೂರು ದಿನದ್ದು ಒಟ್ಟಿಗೆ ಬಚ್ಚಲ ಜಾಲರಿಯ ಮೇಲೆ ಕಾಣುತ್ತದೆ. ಕೂದಲು ಉದ್ದವಿದ್ದಷ್ಟೂ ಆ ಮುದ್ದೆ ದೊಡ್ಡದಾಗಿ ಕಾಣುತ್ತದೆ, ಗಾಬರಿ ಬೇಡ. ಇದ್ದಕ್ಕಿದ್ದಂತೆ ಹಿಡಿ ಹಿಡಿಯಾಗಿ ಬರತೊಡಗಿದರೆ ಎರಡು ಮೂರು ತಿಂಗಳು ಹಿಂದಕ್ಕೆ ಯೋಚಿಸಿ. ಡೆಂಗಿ ಅಥವಾ ಟೈಫಾಯ್ಡ್ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳ ಪರಿಣಾಮ ತಲೆಯ ಮೇಲೆ ಕಾಣುವುದು ಅಷ್ಟು ತಡವಾಗಿಯೇ. ಜ್ವರ ಮರೆತುಹೋಗಿರುತ್ತದೆ, ಅಪವಾದ ಹೊಸ ಶಾಂಪೂ ಮೇಲೆ ಬರುತ್ತದೆ. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ.

ನಿಲ್ಲದಿದ್ದರೆ ವೈದ್ಯರ ಸಲಹೆಯಂತೆ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಬಹುದು. ಹಿಮೋಗ್ಲೋಬಿನ್ ಸರಿಯಿದ್ದೂ ದೇಹದ ಕಬ್ಬಿಣದ ದಾಸ್ತಾನನ್ನು ಹೇಳುವ ಫೆರಿಟಿನ್ ಕೆಳಗಿರಬಹುದು. ಊಟದ ಬೆನ್ನಿಗೇ ಕಾಫಿ ಕುಡಿಯುವ ನಮ್ಮ ಅಭ್ಯಾಸ ಕಬ್ಬಿಣದಂಶ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಕೂದಲಿನ ಮುಖ್ಯ ದ್ರವ್ಯ ಪ್ರೋಟೀನು. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನು ಬೇಕು. ಅನ್ನ ತಿಳಿಸಾರಿನ ಊಟದಲ್ಲಿ ಅಷ್ಟು ಬರುವುದಿಲ್ಲ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ತಟ್ಟೆಯಲ್ಲಿರಲಿ. ಬಯೋಟಿನ್ ಎಂಬ ಬಿ ವಿಟಮಿನ್ನಿನ ಮಾತ್ರೆ ಅದರ ಕೊರತೆ ಇದ್ದವರಿಗಷ್ಟೇ ಉಪಯೋಗ, ಆ ಕೊರತೆ ಅಪರೂಪ. ಜೊತೆಗೆ ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ತಪ್ಪಾಗಿ ತೋರಿಸಬಲ್ಲದು, ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ.

ಬೈತಲೆ ಅಗಲವಾಗುತ್ತಿದ್ದರೆ, ದುಂಡಗೆ ಬೋಳಾದ ಜಾಗ ಕಂಡರೆ, ನೆತ್ತಿಯಲ್ಲಿ ಉರಿ ಅಥವಾ ಕೀವು ಇದ್ದರೆ ಮನೆಮದ್ದಿಗೆ ಕೈಹಾಕಬೇಡಿ. ಚರ್ಮರೋಗ ತಜ್ಞರನ್ನು ಬೇಗ ಕಂಡಷ್ಟೂ ಉಳಿಸಿಕೊಳ್ಳಬಹುದಾದ ಕೂದಲು ಹೆಚ್ಚು.

ಹಂತ 2: ನಿಮ್ಮ ಕೂದಲ ಸ್ವಭಾವ ತಿಳಿದುಕೊಳ್ಳಿ

ಒಂದು ದಿನ ಎಣ್ಣೆ, ಕಂಡೀಷನರ್ ಏನೂ ಹಚ್ಚದೆ ಬರೀ ಶಾಂಪೂವಿನಿಂದ ತೊಳೆದು, ಬಾಚದೆ ಒಣಗಲು ಬಿಡಿ. ನೆಟ್ಟಗೆ ಇಳಿಬೀಳುತ್ತದೆಯೋ, ಅಲೆಯಾಗುತ್ತದೆಯೋ, ಸುರುಳಿಗಟ್ಟುತ್ತದೆಯೋ ಗೊತ್ತಾಗುತ್ತದೆ. ದಿನವೂ ಒಣಗೂದಲನ್ನು ಬಾಚಿ ಬಾಚಿ ಕೆದರಿಸಿಕೊಂಡು ತಮ್ಮದು ಒರಟು ಕೂದಲು ಎಂದು ನಂಬಿರುವ ಎಷ್ಟೋ ಜನರದು ವಾಸ್ತವದಲ್ಲಿ ಚೆಂದದ ಗುಂಗುರು ಕೂದಲು. ಮರುದಿನ ನೆತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಆಗಲೇ ಜಿಡ್ಡಾಗಿದ್ದರೆ ವಾರಕ್ಕೆ ಮೂರು ಸಲ ತೊಳೆಯುವುದೂ ತಪ್ಪಲ್ಲ. ನಾಲ್ಕು ದಿನವಾದರೂ ಜಿಡ್ಡಾಗದಿದ್ದರೆ ವಾರಕ್ಕೊಂದು ಸಲ ಸಾಕು. ನೆತ್ತಿ ಜಿಡ್ಡು, ತುದಿ ಒಣಕಲು ಎನ್ನುವವರೇ ಹೆಚ್ಚು. ಉದ್ದ ಕೂದಲಿಗೆ ಅದು ಸಹಜ ಸ್ಥಿತಿ, ಏಕೆಂದರೆ ನೆತ್ತಿಯಲ್ಲಿ ಒಸರುವ ಜಿಡ್ಡು ಅಷ್ಟು ದೂರ ಇಳಿಯುವುದಿಲ್ಲ. ಎರಡಕ್ಕೂ ಒಂದೇ ಉಪಚಾರ ಮಾಡಬೇಡಿ.

ಹಂತ 3: ನೀರು ನೋಡಿ

ನಲ್ಲಿಯ ಬಾಯಲ್ಲಿ ಬಿಳಿ ಪದರು ಕಟ್ಟುತ್ತಿದ್ದರೆ, ಸೋಪು ನೊರೆ ಬಾರದೆ ಒಡೆದ ಹಾಲಿನ ಚೂರುಗಳಾದರೆ ನಿಮ್ಮದು ಗಡಸು ನೀರು. ಬೆಂಗಳೂರಿನ ಕೊಳವೆಬಾವಿ, ಟ್ಯಾಂಕರ್ ನೀರಿನ ಬಡಾವಣೆಗಳಲ್ಲಿ ಇದು ಮಾಮೂಲು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟಾಗಿಸುತ್ತವೆ. ಊರಿನಿಂದ ಬಂದು ಪಿಜಿಯಲ್ಲಿ ಉಳಿದ ಮೂರೇ ತಿಂಗಳಿಗೆ ಕೂದಲು ಹಾಳಾಯಿತು ಎಂದು ದೂರುವ ಹುಡುಗಿಯರ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಿದ್ದೆ, ಊಟ, ಚಿಂತೆಯಲ್ಲಿ ಹುಡುಕಬೇಕು.

ಸ್ನಾನದ ಸೋಪನ್ನು ತಲೆಗೆ ಹಾಕಬೇಡಿ. ಗಡಸು ನೀರಿನಲ್ಲಿ ಅದು ಅಂಟಿಕೊಳ್ಳುವ ಬಿಳಿ ಕಲ್ಮಶವಾಗುತ್ತದೆ. ಸೀಗೆಯ ಹೆಸರಿನ ಸೋಪೂ ಸೋಪೇ. ತಿಂಗಳಿಗೆ ಒಂದೆರಡು ಸಲ ಇಡಿಟಿಎ (ಲವಣವನ್ನು ಹಿಡಿದು ಕಳಚುವ ರಾಸಾಯನಿಕ) ಇರುವ ಶಾಂಪೂ ಬಳಸಿದರೆ ಕೂತ ಲವಣ ಸ್ವಲ್ಪ ಬಿಡುತ್ತದೆ. ಕೊನೆಯ ಎರಡು ಚೊಂಬು ಮಳೆನೀರೋ ಆರ್‌ಓ ನೀರೋ ಆದರೆ ಮರುದಿನ ಬಾಚುವಾಗಲೇ ವ್ಯತ್ಯಾಸ ತಿಳಿಯುತ್ತದೆ. ಶವರ್‌ಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್‌ಗಳು ಕ್ಲೋರಿನ್ ವಾಸನೆ ತೆಗೆಯಬಹುದು, ನೀರಿನ ಗಡಸುತನ ತೆಗೆಯುವುದಿಲ್ಲ.

ಹಂತ 4: ತಲೆಸ್ನಾನದ ದಿನ

ಹೆಚ್ಚಿನ ಹಾನಿ ಆಗುವುದೂ ಹೆಚ್ಚಿನ ರಕ್ಷಣೆ ಸಿಗುವುದೂ ಈ ದಿನವೇ. ಕೂದಲಿನ ಹೊರಪದರ ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಚಾಚಿದ ಚಿಪ್ಪುಗಳಿಂದಾಗಿದೆ, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿವೆ. ನೀರು ಹೀರಿದಾಗ ಕೂದಲು ಉಬ್ಬುತ್ತದೆ, ಚಿಪ್ಪುಗಳು ಏಳುತ್ತವೆ. ಆಗ ಮೇಲೆ ಕೆಳಗೆ ಗಸಗಸ ಉಜ್ಜಿದರೆ ಅವು ಕಿತ್ತು ಬರುತ್ತವೆ.

ತೊಳೆಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ಅಜ್ಜಿಯರ ಪದ್ಧತಿಗೆ ಇಲ್ಲಿ ಆಧಾರವಿದೆ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಸಣ್ಣ, ನೀಳ ಅಣುಗಳು ಕೂದಲ ಒಳಕ್ಕೆ ಇಳಿದು, ಅದು ಹೀರುವ ನೀರನ್ನು ತಗ್ಗಿಸುತ್ತವೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದಾಗ ತೊಳೆಯುವಾಗಿನ ಪ್ರೋಟೀನು ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಮುಂಬಯಿಯ ಕಂಪನಿಯ ಸಂಶೋಧಕರೇ ಎಂಬುದೂ ಗೊತ್ತಿರಲಿ. ಆದರೂ ಅದು ಹೇಳುವುದು ಕೂದಲ ಎಳೆಯ ರಕ್ಷಣೆಯನ್ನು. ಎಣ್ಣೆಯಿಂದ ಕೂದಲು ಬೇಗ ಬೆಳೆಯುತ್ತದೆ ಎಂದು ಅಲ್ಲಿಯೂ ಹೇಳಿಲ್ಲ.

ಹಚ್ಚುವ ಕ್ರಮ ಹೀಗೆ. ಸೊಂಟದವರೆಗಿನ ಕೂದಲಿಗೆ ಎರಡು ಮೂರು ಚಮಚ ಸಾಕು. ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿಕೊಂಡು ಮೊದಲು ತುದಿಗೆ, ಆಮೇಲೆ ನಡುವಿಗೆ, ಉಳಿದ ಪಸೆಯನ್ನು ನೆತ್ತಿಗೆ ಹಚ್ಚಿ. ನಾವೆಲ್ಲ ಇದನ್ನು ಉಲ್ಟಾ ಮಾಡುತ್ತೇವೆ: ನೆತ್ತಿಗೆ ಸುರಿದು ತಟ್ಟುತ್ತೇವೆ, ತುದಿಗೆ ಬಂದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸಡಿಲವಾಗಿ ಜಡೆ ಹಾಕಿ ಎರಡು ಮೂರು ಗಂಟೆ ಬಿಡಿ, ಇಲ್ಲವೇ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಿರಿ. ಹರಳೆಣ್ಣೆ ಅಂಟು ಹೆಚ್ಚು. ಬೇಕೆಂದರೆ ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು. ಗರುಗದ ಸೊಪ್ಪು, ಒಂದೆಲಗ, ಕರಿಬೇವು ಹಾಕಿ ಕಾಯಿಸಿದ ಎಣ್ಣೆ ಇಷ್ಟವಿದ್ದರೆ ಬಳಸಿ, ಸುವಾಸನೆ ಚೆನ್ನಾಗಿರುತ್ತದೆ. ಅಳತೆ ಪಟ್ಟಿಯಲ್ಲಿ ಪವಾಡ ನಿರೀಕ್ಷಿಸಬೇಡಿ.

ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಬಾರದು. ಹೊಟ್ಟಿಗೆ ಕಾರಣವಾಗುವ ಮಲಸೀಸಿಯಾ ಎಂಬ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ನೆತ್ತಿಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ಮದ್ದು ಕೆಲಸ ಮಾಡುವುದಿಲ್ಲ.

ತೊಳೆಯುವ ಮೊದಲು ಸಿಕ್ಕು ಬಿಡಿಸಿಕೊಳ್ಳಿ. ನೀರು ಉಗುರುಬೆಚ್ಚಗಿರಲಿ. ಹಂಡೆಯಿಂದ ನೇರ ಮೊಗೆದ ಕುದಿನೀರು ದೀಪಾವಳಿಯ ಅಭ್ಯಂಜನಕ್ಕೂ ಬೇಡ. ಶಾಂಪೂವನ್ನು ಚೊಂಬಿನಲ್ಲಿ ನೀರು ಬೆರೆಸಿ ತೆಳುವಾಗಿಸಿ ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಿಂದ ತಿಕ್ಕಿ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಮಾಡಿಕೊಂಡು ತಿಕ್ಕಬೇಡಿ. ಉದ್ದ ಕೂದಲು ಜಟೆಗಟ್ಟುವುದು ಹೀಗೆಯೇ, ಕತ್ತರಿ ಹಾಕದೆ ಬಿಡಿಸಲಾಗದಷ್ಟು ಗಂಟಾಗುವುದೂ ಉಂಟು. ಕೂದಲು ಬೆನ್ನ ಮೇಲೆ ಇಳಿಬಿದ್ದಿರಲಿ. ನೆತ್ತಿಯಿಂದ ಇಳಿಯುವ ನೊರೆಯೇ ಉದ್ದಕ್ಕೂ ಸಾಕು.

ಸೀಗೆಕಾಯಿ ಬಳಸುವವರು ಪುಡಿಯನ್ನು ನೇರವಾಗಿ ತಲೆಗೆ ಹಾಕದಿದ್ದರೆ ಒಳ್ಳೆಯದು. ಅದರ ತರಿ ಎಳೆಗಳ ನಡುವೆ ಸಿಕ್ಕಿ ಚಿಪ್ಪುಗಳನ್ನು ಕೆರೆಯುತ್ತದೆ, ಕಣ್ಣುರಿ ಬೇರೆ. ಒಂದು ಹಿಡಿ ಸೀಗೆಕಾಯಿ, ನಾಲ್ಕೈದು ಬೀಜ ತೆಗೆದ ಅಂಟವಾಳಕಾಯಿ, ಒಂದು ಚಮಚ ಮೆಂತ್ಯವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ ಆ ನೀರನ್ನು ಬಳಸಿ. ಉತ್ತರ ಕನ್ನಡದ ಮನೆಗಳಲ್ಲಿ ಮಾಡುವ ದಾಸವಾಳದ ಎಲೆಯ ಗೊಂಪು ಇನ್ನೂ ಮೃದು. ಹತ್ತು ಹದಿನೈದು ಎಲೆಗಳನ್ನು ನೀರಿನಲ್ಲಿ ಕಿವುಚುತ್ತಾ ಹೋದರೆ ನೀರು ದಪ್ಪಗಾಗಿ ಬೆರಳುಗಳ ನಡುವಿನಿಂದ ನೂಲಿನಂತೆ ಇಳಿಯತೊಡಗುತ್ತದೆ, ಆಗ ಸೋಸಿಕೊಳ್ಳಬೇಕು. ಇದು ಕೂದಲನ್ನು ಜಾರುವಂತೆ ಮಾಡುತ್ತದೆ, ಸಿಕ್ಕು ಸುಲಭವಾಗಿ ಬಿಡುತ್ತದೆ. ಆದರೆ ಬಹಳ ಎಣ್ಣೆ ಹಚ್ಚಿದ್ದರೆ ಇದರಿಂದ ಹೋಗುವುದಿಲ್ಲ.

ಶಾಂಪೂ ಬಳಸುವವರಿಗೆ ಕಂಡೀಷನರ್ ಬೇಕೇ ಬೇಕು. ಸವೆದ ಕೂದಲು ಒದ್ದೆಯಾದಾಗ ಋಣ ವಿದ್ಯುದಂಶ ಹೊತ್ತಿರುತ್ತದೆ, ಕಂಡೀಷನರಿನಲ್ಲಿ ಧನ ಅಂಶವಿರುತ್ತದೆ. ಹೆಚ್ಚು ಸವೆದ ಕಡೆಯೇ ಅದು ಹೆಚ್ಚು ಅಂಟುತ್ತದೆ. ಕಿವಿಯ ಮಟ್ಟದಿಂದ ಕೆಳಗೆ ಹಚ್ಚಿ, ಬೆರಳಿನಿಂದ ಸಿಕ್ಕು ಬಿಡಿಸಿ, ಎರಡು ಮೂರು ನಿಮಿಷದ ಮೇಲೆ ತೊಳೆಯಿರಿ. ಹಲವು ಕಂಡೀಷನರ್‌ಗಳಲ್ಲಿರುವ, ಎಳೆಗೆ ನುಣುಪು ಕೊಡುವ ಸಿಲಿಕೋನ್ ಕೆಲವರು ಹೆದರುವಂತೆ ವಿಷವೇನಲ್ಲ. ಎಳೆಗಳ ತಿಕ್ಕಾಟ ತಗ್ಗಿಸುವುದರಲ್ಲಿ ಅದಕ್ಕೆ ಸಾಟಿ ಕಡಿಮೆ, ಉದ್ದ ಕೂದಲಿಗಂತೂ ನಾನು ಅದರ ಪರ.

ಹಂತ 5: ಒಣಗಿಸುವುದು, ಬಾಚುವುದು

ಟರ್ಕಿ ಟವೆಲಿನಿಂದ ತಲೆ ಬಡಿದು ಒರೆಸುವುದು ಬೇಡ. ಹಳೆಯ ಹತ್ತಿ ಪಂಚೆ ಅಥವಾ ಬನಿಯನ್ ಬಟ್ಟೆಯಲ್ಲಿ ಹಿಡಿ ಹಿಡಿಯಾಗಿ ಹಿಂಡಿ. ಬೇಸಿಗೆಯಲ್ಲಿ ಗಾಳಿಗೆ ಬಿಟ್ಟರೆ ಸಾಕು. ಮಲೆನಾಡಿನ ಜುಲೈನಲ್ಲಿ ಸೊಂಟದುದ್ದದ ಕೂದಲು ಸಂಜೆಯಾದರೂ ಒಣಗದು. ಒದ್ದೆ ತುರುಬು ಕಟ್ಟಿಕೊಂಡು ದಿನವೆಲ್ಲ ಓಡಾಡುವುದಕ್ಕಿಂತ ಡ್ರೈಯರ್ ಮೇಲು. 2011ರ ದಕ್ಷಿಣ ಕೊರಿಯಾದ ಒಂದು ಅಧ್ಯಯನದಲ್ಲಿ, 15 ಸೆಂ.ಮೀ. ದೂರದಿಂದ ಆಡಿಸುತ್ತಾ ಡ್ರೈಯರ್ ಹಿಡಿದಾಗ ಹೊರಮೈಗೆ ಸ್ವಲ್ಪ ಹಾನಿಯಾದರೂ, ಒಳಗಿನ ಪೊರೆಗಳಿಗೆ ತಾನಾಗಿ ಒಣಗಿದ್ದಕ್ಕಿಂತ ಕಡಿಮೆ ಹಾನಿ ಕಂಡಿತು. ಬಿಸಿ ಇಸ್ತ್ರಿಯಂತೆ ಒತ್ತುವ ಸ್ಟ್ರೈಟ್ನರ್ ಬೇರೆ ವಿಷಯ, ಉದ್ದ ಬೇಕೆಂದವರು ಅದನ್ನು ಬಿಡುವುದೇ ಸರಿ. ಪಾರ್ಲರಿನ ಸ್ಮೂದನಿಂಗ್, ಕೆರಾಟಿನ್ ಚಿಕಿತ್ಸೆಗಳೂ ಹಾಗೆಯೇ. ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಬಿಡುತ್ತವೆ, ಗ್ಲೈಆಕ್ಸಿಲಿಕ್ ಆಮ್ಲವಿರುವವುಗಳಿಂದ ಮೂತ್ರಪಿಂಡಕ್ಕೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ಒದ್ದೆ ಕೂದಲು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಮುಕ್ಕಾಲು ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ ಹಿಡಿಯಿರಿ. ಗುಂಗುರು ಕೂದಲಿನವರಿಗೆ ಮಾತ್ರ ಈ ನಿಯಮ ತಿರುವುಮುರುವು: ಕಂಡೀಷನರ್ ಇರುವಾಗಲೇ ಬಾಚಿ, ಒಣಗಿದ ಮೇಲೆ ಬಾಚಣಿಗೆ ಮುಟ್ಟಬೇಡಿ. ಎಲ್ಲರಿಗೂ ಅನ್ವಯವಾಗುವುದು ಒಂದಿದೆ. ತುದಿಯಿಂದ ಒಂದು ಗೇಣು ಮೇಲೆ ಕೂದಲನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು, ಮುಷ್ಟಿಯ ಕೆಳಗಿನದನ್ನಷ್ಟೇ ಬಿಡಿಸಿ. ಅದು ಸಲೀಸಾದ ಮೇಲೆ ಮುಷ್ಟಿ ಒಂದು ಗೇಣು ಮೇಲಕ್ಕೆ. ಗಂಟು ಸಿಕ್ಕರೆ ಬಾಚಣಿಗೆ ಕೆಳಗಿಟ್ಟು, ಒಂದು ಹನಿ ಎಣ್ಣೆ ಸವರಿ, ಎಳೆ ಎಳೆಯಾಗಿ ಕೈಯಿಂದ ಬಿಡಿಸಿ. ಟಕ್ ಎಂಬ ಸದ್ದು ಕೇಳಿಸಿದರೆ ಒಂದಷ್ಟು ತಿಂಗಳ ಬೆಳವಣಿಗೆ ಹೋಯಿತೆಂದೇ ಅರ್ಥ.

ಹಂತ 6: ಉಳಿದ ದಿನಗಳು

ಸಡಿಲ ಜಡೆ ಉದ್ದ ಕೂದಲಿಗೆ ಅತ್ಯುತ್ತಮ ಕವಚ. ಬಿಗಿ ಜಡೆ, ನೆತ್ತಿಯ ಮೇಲಿನ ಬಿಗಿ ತುರುಬು, ಭಾರದ ಚೌಲಿ ದಿನವೂ ಹಾಕಿದರೆ ಹಣೆ ಮತ್ತು ಕಣತಲೆಯ ಅಂಚಿನ ಕೂದಲು ಎಳೆತಕ್ಕೆ ಹಿಂದೆ ಸರಿಯುತ್ತದೆ. ಭರತನಾಟ್ಯ ಕಲಿಯುವ ಮಕ್ಕಳ ತಾಯಂದಿರು ಇದನ್ನು ಗಮನಿಸಬೇಕು. ಮೊದಲಿಗೆ ಬಿಟ್ಟುಬಿಟ್ಟರೆ ಮರಳಿ ಬರುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬರುವುದಿಲ್ಲ. ತೆಳ್ಳನೆಯ ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಸುತ್ತಿದ್ದು ಬಳಸಿ. ಮಲಗುವಾಗ ಜಡೆ ಹೆಣೆದು ದಿಂಬಿನ ಮೇಲಕ್ಕೆ ಹಾಕಿಕೊಳ್ಳಿ; ದಿಂಬಿಗೆ ಸ್ಯಾಟಿನ್ ಬಟ್ಟೆ ಇದ್ದರೆ ತಿಕ್ಕಾಟ ಕಡಿಮೆ. ಸ್ಕೂಟರಿನಲ್ಲಿ ಹೋಗುವವರು ಜಡೆಯನ್ನು ಅಂಗಿಯೊಳಗೆ ಸೇರಿಸಿ. ಹೆಲ್ಮೆಟ್ಟಿನಿಂದ ಕೂದಲು ಉದುರುವುದಿಲ್ಲ, ಆ ನೆಪದಲ್ಲಿ ಹೆಲ್ಮೆಟ್ ಬಿಡಬೇಡಿ.

ಈರುಳ್ಳಿ ರಸದ ಬಗ್ಗೆ ಎಲ್ಲರೂ ಕೇಳುತ್ತಾರೆ. 2002ರಲ್ಲಿ ಬಾಗ್ದಾದಿನ ವೈದ್ಯರು ಅದನ್ನು ಪ್ರಯೋಗಿಸಿದ್ದು ದುಂಡಗೆ ಕೂದಲು ಉದುರಿದ ರೋಗಿಗಳ ಮೇಲೆ, ಅದೂ ಸಣ್ಣ ಗುಂಪಿನಲ್ಲಿ. ಆರೋಗ್ಯವಂತರ ಜಡೆ ಉದ್ದ ಮಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೆತ್ತಿ ಉರಿಸಿಕೊಂಡು ಅದನ್ನು ಸಾರಿಗೆ ಬಳಸದೆ ಹೋದೆನಲ್ಲ ಎಂದು ಮರುಗುವುದು ಯಾಕೆ?

ಹಂತ 7: ನಿಮ್ಮದೇ ಕ್ರಮ ಕಂಡುಕೊಳ್ಳುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆರರಿಂದ ಎಂಟು ವಾರ ಬಿಟ್ಟು ನೋಡಿ. ಎಣ್ಣೆ, ಶಾಂಪೂ, ಕಂಡೀಷನರ್ ಮೂರನ್ನೂ ಒಂದೇ ವಾರ ಬದಲಿಸಿದರೆ ಯಾವುದು ಒಗ್ಗಿತು ಎಂದು ತಿಳಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಹಣೆಯ ಅಂಚಿನಿಂದ ಬೆನ್ನ ಮೇಲಿನ ತುದಿಯವರೆಗೆ ಟೇಪಿನಿಂದ ಅಳೆದು ಬರೆದಿಡಿ. ಮೂರುವರೆ ಸೆಂ.ಮೀ. ಹೆಚ್ಚಿದ್ದರೆ ನಿಮ್ಮ ಕ್ರಮ ಸರಿಯಿದೆ, ಮತ್ತೇನೂ ಕೊಳ್ಳಬೇಡಿ. ಒಂದೇ ಸೆಂ.ಮೀ. ಹೆಚ್ಚಿದ್ದರೆ ಮತ್ತೆ ಬಿಳಿ ಬಟ್ಟೆ ಹಾಸಿ ಚೂರುಗಳನ್ನು ನೋಡಿ.

ಊರಿನ ಹವೆಗೆ ತಕ್ಕಂತೆ ಕ್ರಮವೂ ಬದಲಾಗಬೇಕು. ಗಡಸು ನೀರು, ಬಸ್ಸಿನ ದೂಳಿನ ಬೆಂಗಳೂರಿನವರಿಗೆ ವಾರಕ್ಕೆ ಎರಡು ತಲೆಸ್ನಾನ, ಪ್ರತಿ ಸಲವೂ ಕಂಡೀಷನರ್. ಮಂಗಳೂರಿನ ಸೆಕೆಯಲ್ಲಿ ಬೆವರು ಕಟ್ಟುವುದರಿಂದ ಮೂರು ಸಲ ಬೇಕಾಗಬಹುದು, ನೆತ್ತಿಯ ಎಣ್ಣೆ ಕಡಿಮೆ ಮಾಡಿ. ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ವಾರಕ್ಕೊಂದು ಸಲ ತೊಳೆದರೂ ಸಾಕು. ತುದಿಗೆ ದಿನ ಬಿಟ್ಟು ದಿನ ಎರಡು ಹನಿ ಎಣ್ಣೆ, ಹೊರಗೆ ಹೋಗುವಾಗ ತಲೆಗೆ ಸೆರಗೋ ದುಪ್ಪಟ್ಟವೋ ಇರಲಿ. ಚಳಿದೇಶಗಳಲ್ಲಿ ಹೀಟರಿನ ಒಣ ಗಾಳಿಯಲ್ಲಿ ಇರುವವರಿಗೂ ಕಲಬುರಗಿಯ ಕ್ರಮವೇ ಹೊಂದುತ್ತದೆ, ಸೆರಗಿನ ಬದಲು ಒಳಪದರ ನುಣುಪಾಗಿರುವ ಟೋಪಿ.

ಹಂತ 8: ನಡುವಿನ ಕಾಲ ಮತ್ತು ಕತ್ತರಿ

ಕುತ್ತಿಗೆಯಿಂದ ಭುಜದವರೆಗಿನ ತಿಂಗಳುಗಳು ಎಲ್ಲರ ತಾಳ್ಮೆ ಕೆಡಿಸುತ್ತವೆ. ಜಡೆಗೆ ಸಾಲದು, ಬಿಟ್ಟರೆ ಅಂಗಿಯ ಕಾಲರಿಗೆ ಬಡಿದು ಹೊರಕ್ಕೆ ಬಾಗುತ್ತದೆ. ಕೂದಲು ಬಿಡುತ್ತಿರುವ ಗಂಡಸರಿಗೆ ಮನೆಯವರ ಮಾತು ಬೇರೆ. ಕ್ಲಿಪ್ಪು, ಹೇರ್‌ಬ್ಯಾಂಡು, ಅರ್ಧ ಜುಟ್ಟಿನಲ್ಲಿ ಕಾಲ ತಳ್ಳಿ. ಹಿಂದಿನ ಕೂದಲನ್ನು ಮಾತ್ರ ಆಗಾಗ ಸಮ ಮಾಡಿಸಿದರೆ ಮುಂದಿನದು ಬಂದು ಸೇರಿಕೊಳ್ಳುತ್ತದೆ.

ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬುದು ಸುಳ್ಳು, ತುದಿಯ ಸುದ್ದಿ ಬುಡಕ್ಕೆ ಮುಟ್ಟುವ ದಾರಿಯೇ ಇಲ್ಲ. ಆದರೆ ಸೀಳಿದ ತುದಿ ಮೇಲಕ್ಕೆ ಸೀಳುತ್ತಾ ಹೋಗುತ್ತದೆ, ಅದನ್ನು ಅಂಟಿಸುವ ಸೀರಂ ಮುಂದಿನ ತಲೆಸ್ನಾನದವರೆಗೆ ಮಾತ್ರ. ಮೂರು ನಾಲ್ಕು ತಿಂಗಳಿಗೊಮ್ಮೆ ಒಂದು ಸೆಂ.ಮೀ. ತೆಗೆಸಿ, ತುದಿ ಚೆನ್ನಾಗಿದ್ದರೆ ಆರು ತಿಂಗಳವರೆಗೂ ಬಿಡಬಹುದು. ಪಾರ್ಲರಿನಲ್ಲಿ ಸ್ವಲ್ಪ ಎನ್ನಬೇಡಿ, ಅವರ ಸ್ವಲ್ಪವೇ ಬೇರೆ. ಬೆರಳಿನಲ್ಲಿ ಅಳತೆ ತೋರಿಸಿ, ಮೊದಲ ತುಂಡು ಬಿದ್ದ ಕೂಡಲೇ ಅದನ್ನು ನೋಡಿ. ಉದ್ದ ಬೇಕೆಂದವರು ಲೇಯರ್ ಮಾಡಿಸಬೇಡಿ, ಮೇಲಿನ ಪದರುಗಳು ತುದಿಯನ್ನು ಸೇರುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ. ಗುಂಗುರು ಕೂದಲಾದರೆ ಒಣಗಿದ ಮೇಲೆ ಕತ್ತರಿಸಲು ಹೇಳಿ. ಒದ್ದೆಯಲ್ಲಿ ಸಮವಾಗಿ ಕಂಡದ್ದು ಸುರುಳಿಗಟ್ಟಿದ ಮೇಲೆ ಏರುಪೇರಾಗುತ್ತದೆ.